ಕತ್ತರಿಸಿ ಓದಿದವರು: ಡೇನಿಯಲ್ ನೇಥನ್ಸ್

ನಾನು ಬಿ.ಕಾಂ. ವಿದ್ಯಾರ್ಥಿ, ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಡಿಎನ್‌ಎ ಗೊಡವೆ ನಿನಗ್ಯಾಕಪ್ಪಾ ಅಂತ ಗೆಳೆಯರು ಕೇಳಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಡೇನಿಯಲ್ ನೇಥನ್ಸರ ಬಾಳು. ಡಿಎನ್‌ಎ ಅದರ ಹಿಂದೆಯೇ ಬಂತು.

ಅವರು ಹುಟ್ಟಿದ್ದು 1928ರ ಅಕ್ಟೋಬರ್ 30ರಂದು, ಅಮೆರಿಕದ ವಿಲ್ಮಿಂಗ್ಟನ್‌ನಲ್ಲಿ. ರಷ್ಯದಿಂದ ವಲಸೆ ಬಂದ ಯಹೂದಿ ದಂಪತಿಗಳ ದೊಡ್ಡ ಸಂಸಾರದ ಕಡೇ ಮಗ. ನಾವು ಎಕನಾಮಿಕ್ಸ್ ಪುಸ್ತಕದಲ್ಲಿ ಓದುವ ಗ್ರೇಟ್ ಡಿಪ್ರೆಶನ್ ಇದೆಯಲ್ಲ, ಅದೇ ಅವರ ತಂದೆಯ ಸಣ್ಣ ವ್ಯಾಪಾರವನ್ನು ನುಂಗಿತು. ತಂದೆಗೆ ಕೆಲಕಾಲ ಕೆಲಸವೇ ಇರಲಿಲ್ಲ. ಅಂಥ ಮನೆಯ ಹುಡುಗ ಓದಿ, 1954ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ ಹೊರಬಂದ. ಆದರೆ ಮನಸ್ಸು ಎಳೆದದ್ದು ಸಂಶೋಧನೆಯ ಕಡೆಗೆ. 1962ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸೇರಿದರು. ಕೊನೆಯವರೆಗೂ ಅಲ್ಲೇ ಇದ್ದರು.

1969ರಲ್ಲಿ ಅವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿದ್ದಾಗ ಸಹೋದ್ಯೋಗಿ ಹ್ಯಾಮಿಲ್ಟನ್ ಸ್ಮಿತ್ ಅವರಿಂದ ಒಂದು ಕಾಗದ ಬಂತು. ಬ್ಯಾಕ್ಟೀರಿಯಾ ತನ್ನೊಳಗೆ ನುಗ್ಗಿದ ವೈರಸ್ಸಿನ ಡಿಎನ್‌ಎಯನ್ನು ತುಂಡರಿಸಲು ಒಂದು ಕಿಣ್ವ ಇಟ್ಟುಕೊಂಡಿರುತ್ತದೆ. ಅಂಥದೊಂದು ಸ್ಮಿತ್ ಅವರಿಗೆ ಸಿಕ್ಕಿತ್ತು. ಅದು ಕಂಡಕಂಡಲ್ಲಿ ಕತ್ತರಿಸುವುದಲ್ಲ, ಆರಕ್ಷರದ ಒಂದು ಗುರುತು ಕಂಡಲ್ಲಿ ಮಾತ್ರ. ಇದನ್ನು ಕತ್ತರಿಯಾಗಿ ಬಳಸಿ ಡಿಎನ್‌ಎಯನ್ನೇ ಓದಬಹುದಲ್ಲ ಎಂದು ನೇಥನ್ಸರಿಗೆ ಹೊಳೆಯಿತು.

ಅವರು ಆರಿಸಿಕೊಂಡದ್ದು ಎಸ್‌ವಿ40 ಎಂಬ ಮಂಗನ ವೈರಸ್. ಹ್ಯಾಮ್‌ಸ್ಟರ್ ಮರಿಗಳಲ್ಲಿ ಅದು ಕ್ಯಾನ್ಸರ್ ಗಡ್ಡೆ ಎಬ್ಬಿಸುತ್ತದೆ. ಅದರ ಡಿಎನ್‌ಎ ಬಳೆಯಂತೆ ದುಂಡಗೆ, ಸುಮಾರು 5,200 ಅಕ್ಷರಜೋಡಿ. ಗಡ್ಡೆ ಎಬ್ಬಿಸುವ ಆಜ್ಞೆ ಬಳೆಯ ಯಾವ ಭಾಗದಲ್ಲಿದೆ? ಬಳೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ, ಹುಡುಕುವುದೆಲ್ಲಿಂದ? 1971ರಲ್ಲಿ ಶಿಷ್ಯೆ ಕ್ಯಾಥ್ಲೀನ್ ಡ್ಯಾನಾ ಜೊತೆ ಅದನ್ನು 11 ತುಂಡು ಮಾಡಿ, ಜೆಲ್‌ನಲ್ಲಿ ವಿದ್ಯುತ್ ಹಾಯಿಸಿ ಬೇರೆಬೇರೆ ಮಾಡಿದರು. ಚಿಕ್ಕ ತುಂಡು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಆಮೇಲೆ ಯಾವುದರ ಪಕ್ಕ ಯಾವುದು ಅಂತ ಜೋಡಿಸಿ ನಕಾಶೆಯನ್ನೇ ಬರೆದರು.

ಇಲ್ಲೊಂದು ಸ್ವಾರಸ್ಯವಿದೆ. ಅವರ ಬಾಟಲಿಯಲ್ಲಿದ್ದದ್ದು ಒಂದು ಕಿಣ್ವವಲ್ಲ, ಎರಡು ಎಂದು ಮುಂದೆ ಗೊತ್ತಾಯಿತು. ಒಂದು ಹಿಂಡ್-2. ಅದು ಎರಡೂ ಎಳೆಗಳನ್ನು ಒಂದೇ ಜಾಗದಲ್ಲಿ ನೇರ ಕತ್ತರಿಸುತ್ತದೆ, ಉಳಿಯುವುದು ಮೊಂಡುತುದಿ. ಇನ್ನೊಂದು ಹಿಂಡ್-3, ಅದರದು ಓರೆಕೋರೆ ಕತ್ತರಿ. ಒಂದು ಎಳೆ ನಾಲ್ಕಕ್ಷರ ಚಾಚಿ ಉಳಿಯುತ್ತದೆ, ಇದು ಅಂಟುತುದಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಸೀದಿಯನ್ನು ಕೈಯಲ್ಲಿ ಹರಿದರೆ ಅದರ ಅಂಚು ಪುಸ್ತಕದಲ್ಲಿ ಉಳಿದ ಕೌಂಟರ್‌ಫಾಯಿಲಿಗೇ ಹೊಂದುತ್ತದೆ. ಕತ್ತರಿಯಿಂದ ನೇರ ಕತ್ತರಿಸಿದರೆ ಯಾವುದರ ಪಕ್ಕ ಬೇಕಾದರೂ ಇಡಬಹುದು, ಆದರೆ ಬೆಸುಗೆ ಅಷ್ಟು ಸಲೀಸಲ್ಲ. ಡಿಎನ್‌ಎಯಲ್ಲೂ ಹಾಗೇ.

1972ರಲ್ಲಿ ಸ್ಟ್ಯಾನ್‌ಫರ್ಡಿನ ಜಾನೆಟ್ ಮರ್ಟ್ಜ್ ಮತ್ತು ರೊನಾಲ್ಡ್ ಡೇವಿಸ್, ಇಕೋ-ಆರ್-1 ಎಂಬ ಕಿಣ್ವವೂ ಅಂಟುತುದಿ ಬಿಡುತ್ತದೆ ಎಂದು ತೋರಿಸಿದರು. ಅದು ಬಿಡುವ ಎಎಟಿಟಿ ಎಂಬ ಚಾಚು ಎಲ್ಲೇ ಇರಲಿ, ಅಂಥದೇ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಒಂದು ಜೀವಿಯ ತುಂಡನ್ನು ಇನ್ನೊಂದಕ್ಕೆ ಜೋಡಿಸುವ ದಾರಿ ಹೀಗೆ ತೆರೆಯಿತು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ ಮಾನವ ಇನ್ಸುಲಿನ್ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

1978ರ ನೊಬೆಲ್ ನೇಥನ್ಸ್, ಸ್ಮಿತ್ ಮತ್ತು ಸ್ವಿಟ್ಜರ್ಲೆಂಡಿನ ವರ್ನರ್ ಆರ್ಬರ್ ಮೂವರಿಗೂ ಸಂದಿತು. ಡ್ಯಾನಾ ಹೆಸರು ಅಲ್ಲಿಲ್ಲ, ಆದರೆ 1971ರ ಲೇಖನದಲ್ಲಿ ಮೊದಲ ಹೆಸರು ಆಕೆಯದೇ. ಕತ್ತರಿ ಸಿಕ್ಕವರು ಬಚ್ಚಿಡದೆ ಕಾಗದ ಬರೆದರು. ಕಾಗದ ಸಿಕ್ಕವರು ಶಿಷ್ಯೆಯ ಜೊತೆ ದುಡಿದರು. ಈ ಲೆಕ್ಕದಲ್ಲಿ ಯಾರ ಪಾಲು ಎಷ್ಟು ಅಂತ ಹಂಚಲು ನನಗೆ ಕಲಿಸಿದ ಅಕೌಂಟೆನ್ಸಿ ಸಾಲದು.

1995-96ರಲ್ಲಿ ವಿಶ್ವವಿದ್ಯಾಲಯಕ್ಕೆ ಹಂಗಾಮಿ ಅಧ್ಯಕ್ಷರು ಬೇಕಾದಾಗ ಆ ಹೊರೆಯನ್ನೂ ಹೊತ್ತರು. ಕ್ಯಾನ್ಸರಿನ ಗುಟ್ಟು ಹುಡುಕುತ್ತ ಬಾಳಿದ ನೇಥನ್ಸರನ್ನು 1999ರ ನವೆಂಬರ್ 16ರಂದು ಒಯ್ದದ್ದು ರಕ್ತದ ಕ್ಯಾನ್ಸರ್. ಆಗ ಅವರಿಗೆ 71 ವರ್ಷ.