ಸಾಷ್ಟಿಯ ಆಂಗ್ಲ ಪುರಾಣಿಕ: ಫಾದರ್ ಥಾಮಸ್ ಸ್ಟೀಫನ್ಸ್

ಬೇವೂರಿನಂಥ ಊರಿನಿಂದ ಬಸ್ಸು ಹತ್ತಿ ಬಾಗಲಕೋಟೆಗೋ ಇಳಕಲ್ಲಿಗೋ ಹೋಗಿ, ಬಿ.ಎ. ತರಗತಿಯಲ್ಲಿ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಘಟ್ಟಗಳು ಬಾಯಿಪಾಠವಾಗಿರುತ್ತವೆ. ಚಾಸರ್, ಸ್ಪೆನ್ಸರ್, ಶೇಕ್ಸ್‌ಪಿಯರ್, ಮಿಲ್ಟನ್, ಪೋಪ್, ಕಡೆಗೆ ವರ್ಡ್ಸ್‌ವರ್ತ್ ಮತ್ತು ಕೀಟ್ಸ್. ಈ ಸಾಲಿನಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಹೆಸರು ಕಾಣುವುದಿಲ್ಲ. ಆತ ಶೇಕ್ಸ್‌ಪಿಯರನಿಗಿಂತ ಸುಮಾರು 15 ವರ್ಷ ಹಿರಿಯ. ಸೃಷ್ಟಿಯಿಂದ ಮೊದಲ್ಗೊಂಡು ಪ್ರಭು ಕ್ರಿಸ್ತರ ಸ್ವರ್ಗಾರೋಹಣದವರೆಗಿನ ರಕ್ಷಣೆಯ ಕಥೆಯನ್ನು ಸುಮಾರು 11 ಸಾವಿರ ಪದ್ಯಗಳಲ್ಲಿ ಹಾಡಿದ ಆಂಗ್ಲ ಕವಿ. ಆದರೆ ಆತ ಹಾಡಿದ್ದು ಇಂಗ್ಲಿಷಿನಲ್ಲಲ್ಲ, ಕೊಂಕಣಿ ಬೆರೆತ ಮರಾಠಿಯಲ್ಲಿ. ಹಾಡಿದ ಸ್ಥಳ ಲಂಡನ್ ಅಲ್ಲ, ಗೋವೆಯ ಸಾಷ್ಟಿ ಪ್ರಾಂತ. ಆದ್ದರಿಂದ ಇಂಗ್ಲಿಷ್ ಸಾಹಿತ್ಯದ ಚರಿತ್ರಕಾರರು ಅವರನ್ನು ಕೈಬಿಟ್ಟರು.

ಅವರ ಬದುಕು ಅರ್ಥವಾಗಬೇಕಾದರೆ ಅವರು ಬಿಟ್ಟುಬಂದ ನಾಡಿನ ಸಾಹಿತ್ಯವನ್ನು ಒಮ್ಮೆ ನೆನೆಯಬೇಕು. ಮಧ್ಯಯುಗದ ಇಂಗ್ಲಿಷ್ ಸಾಹಿತ್ಯ ಬೆಳೆದದ್ದು ಧರ್ಮಸಭೆಯ ಅಂಗಳದಲ್ಲಿ. ಹೆಸರು ತಿಳಿದಿರುವ ಮೊದಲ ಇಂಗ್ಲಿಷ್ ಕವಿ ಕ್ಯಾಡ್ಮನ್ 7ನೆಯ ಶತಮಾನದಲ್ಲಿ ವಿಟ್ಬಿಯ ಮಠದಲ್ಲಿ ದನ ಕಾಯುತ್ತಿದ್ದವನು. ಚಾಸರನ ಕಥೆಗಾರರು ಸಂತ ಥಾಮಸ್ ಬೆಕೆಟರ ಸಮಾಧಿಗೆ ಹೊರಟ ಯಾತ್ರಿಕರು. ಯಾರ್ಕ್, ಚೆಸ್ಟರ್ ಮುಂತಾದ ಪಟ್ಟಣಗಳಲ್ಲಿ ಬಡಗಿಗಳು, ಕಮ್ಮಾರರು, ರೊಟ್ಟಿ ಸುಡುವವರು ತಮ್ಮ ತಮ್ಮ ಕಸುಬಿನ ಸಂಘ ಕಟ್ಟಿಕೊಂಡು, ಆದಾಮನ ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗಿನ ಕಥೆಯನ್ನು ಬೀದಿಯಲ್ಲಿ ಆಡಿ ತೋರಿಸುತ್ತಿದ್ದರು. ನಮ್ಮ ಬಯಲಾಟ, ದೊಡ್ಡಾಟಗಳನ್ನು ಕಂಡವರಿಗೆ ಆ ಆಟಗಳ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊರೆ ಎಂಟನೆಯ ಹೆನ್ರಿ ರೋಮಿನೊಂದಿಗೆ ಸಂಬಂಧ ಕಡಿದುಕೊಂಡ ಮೇಲೆ ಇದೆಲ್ಲಕ್ಕೂ ಪೆಟ್ಟು ಬಿತ್ತು. 1535ರಲ್ಲಿ ಮಹಾಲೇಖಕ ಸಂತ ಥಾಮಸ್ ಮೋರ್ ತಲೆ ಕೊಟ್ಟರು. ಮಠಗಳು ಮುಚ್ಚಿದವು. ಚೆಸ್ಟರಿನ ಬೀದಿಯಾಟ 1575ರಲ್ಲಿ ಕೊನೆಯ ಸಲ ನಡೆದು ನಿಂತುಹೋಯಿತು.

ಅದೇ 1575ರ ಅಕ್ಟೋಬರ್ ತಿಂಗಳಿನಲ್ಲಿ, ರೋಮಿನ ಸಂತ ಅಂದ್ರೆಯ ನವಶಿಷ್ಯಾಲಯದ ಬಾಗಿಲಲ್ಲಿ ಥಾಮಸ್ ಸ್ಟೀಫನ್ಸ್ ನಿಂತಿದ್ದರು.

ಅವರು ಹುಟ್ಟಿದ್ದು ಸುಮಾರು 1549ರಲ್ಲಿ, ವಿಲ್ಟ್‌ಶೈರ್ ಪ್ರಾಂತದ ಬುಷ್ಟನ್ ಎಂಬ ಹಳ್ಳಿಯಲ್ಲಿ. ತಂದೆ ವರ್ತಕರು. ಓದಿದ್ದು ಹೆಸರಾಂತ ವಿಂಚೆಸ್ಟರ್ ಶಾಲೆಯಲ್ಲಿ. ಅವರ ಜೀವನದ ದಿಕ್ಕನ್ನು ಬದಲಿಸಿದವನು ಥಾಮಸ್ ಪೌಂಡ್ ಎಂಬ ಸ್ನೇಹಿತ. ಈತ ರಾಣಿ ಎಲಿಜಬೆತ್ತಳ ಆಸ್ಥಾನಿಕನಾಗಿದ್ದ ಸಿರಿವಂತ. ಆಸ್ಥಾನದ ನೃತ್ಯವೊಂದರಲ್ಲಿ ಕಾಲು ತಪ್ಪಿ ಬಿದ್ದಾಗ ರಾಣಿ ಎಲ್ಲರೆದುರು ಹೀಯಾಳಿಸಿದಳಂತೆ. ಆ ಅಪಮಾನ ಅವನನ್ನು ವೈರಾಗ್ಯದ ಕಡೆಗೆ ತಿರುಗಿಸಿತು. ಕಥೋಲಿಕ ವಿಶ್ವಾಸವನ್ನು ಬಹಿರಂಗವಾಗಿ ಆಚರಿಸುವುದು ಅಪರಾಧವಾಗಿದ್ದ ಆ ದಿನಗಳಲ್ಲಿ ಪೌಂಡ್ ಮತ್ತು ಸ್ಟೀಫನ್ಸ್ ಊರೂರು ಸುತ್ತುತ್ತ ಕಷ್ಟದಲ್ಲಿದ್ದ ವಿಶ್ವಾಸಿಗಳಿಗೆ ಧೈರ್ಯ ಹೇಳಿದರು. ಸ್ಟೀಫನ್ಸ್ ಪೌಂಡನ ಆಳಿನ ವೇಷದಲ್ಲಿರುತ್ತಿದ್ದರು. ಇಬ್ಬರೂ ರೋಮಿಗೆ ಹೋಗಿ ಯೇಸುಸಭೆ ಸೇರುವುದೆಂದು ನಿಶ್ಚಯಿಸಿಕೊಂಡಿದ್ದರು. ಹೊರಡುವ ಮುನ್ನವೇ ಪೌಂಡ್ ಸೆರೆಸಿಕ್ಕಿದ. ಮುಂದೆ ಆತ ಒಂದು ಸೆರೆಮನೆಯಿಂದ ಇನ್ನೊಂದಕ್ಕೆ ಬದಲಾಗುತ್ತ ಸುಮಾರು 30 ವರ್ಷ ಬಂಧನದಲ್ಲೇ ಕಳೆದ. ಸ್ಟೀಫನ್ಸ್ ಒಬ್ಬರೇ ರೋಮ್ ಸೇರಿದರು. ಅಲ್ಲಿಂದ ಮಿತ್ರನನ್ನು ಅವರು ಮರೆಯಲಿಲ್ಲ. ಅವರು ಪಟ್ಟುಹಿಡಿದು ಮಾಡಿದ ಬಿನ್ನಹದ ಫಲವಾಗಿ 1578ರಲ್ಲಿ ಸಭೆಯ ಮಹಾಶ್ರೇಷ್ಠರು ಪೌಂಡನನ್ನು ಸೆರೆಮನೆಯಲ್ಲಿರುವಂತೆಯೇ, ಪತ್ರದ ಮೂಲಕ, ಯೇಸುಸಭೆಗೆ ಸೇರಿಸಿಕೊಂಡರು.

ಸ್ಟೀಫನ್ಸರಿಗಿಂತ ಒಂದು ತಿಂಗಳು ಮೊದಲು ಅದೇ ನವಶಿಷ್ಯಾಲಯ ಸೇರಿದ್ದವರು ಹೆನ್ರಿ ಗಾರ್ನೆಟ್, ಅವರೂ ವಿಂಚೆಸ್ಟರಿನ ಹಳೆಯ ವಿದ್ಯಾರ್ಥಿ. ಗಾರ್ನೆಟ್ ಗುಪ್ತವಾಗಿ ಇಂಗ್ಲೆಂಡಿಗೆ ಮರಳಿ 1606ರಲ್ಲಿ ಗಲ್ಲಿಗೇರಿದರು. ಲೇಖಕ ಎಡ್ಮಂಡ್ ಕ್ಯಾಂಪಿಯನ್ 1581ರಲ್ಲಿ, ಕವಿ ರಾಬರ್ಟ್ ಸೌತ್‌ವೆಲ್ 1595ರಲ್ಲಿ ಹಾಗೆಯೇ ರಕ್ತಸಾಕ್ಷಿಗಳಾದರು. ವಿದೇಶದಲ್ಲಿ ದೀಕ್ಷೆ ಪಡೆದ ಗುರು ಇಂಗ್ಲೆಂಡಿನ ನೆಲ ಮೆಟ್ಟಿದರೆ ರಾಜದ್ರೋಹಿ ಎಂದು 1585ರ ಶಾಸನ ಸಾರಿತು. ಸ್ಟೀಫನ್ಸ್ ಕೇಳಿಕೊಂಡದ್ದು ಭಾರತವನ್ನು. ಇದನ್ನು ಮರಣಭಯದಿಂದ ತಪ್ಪಿಸಿಕೊಂಡದ್ದೆಂದು ತಿಳಿಯುವುದು ಸರಿಯಲ್ಲವೆಂದು ತೋರುತ್ತದೆ. ಅಂದಿನ ಹಡಗಿನ ಪ್ರಯಾಣ ಗಲ್ಲಿಗಿಂತ ಬಹಳ ಸುರಕ್ಷಿತವಾದುದೇನೂ ಆಗಿರಲಿಲ್ಲ.

1579ರ ಏಪ್ರಿಲ್ 4ರಂದು ಲಿಸ್ಬನ್ನಿನಿಂದ ಹೊರಟ ಹಡಗು ಅಕ್ಟೋಬರ್ 24ರಂದು ಗೋವೆ ಮುಟ್ಟಿತು. ಆರು ತಿಂಗಳಿಗೂ ಮೀರಿದ ಆ ಯಾನದ ವಿವರಗಳನ್ನು ಅವರು ನವೆಂಬರ್ 10ರಂದು ತಂದೆಗೆ ಬರೆದರು. ಗಾಳಿಯ ದಿಕ್ಕು, ಕಡಲ ಹಕ್ಕಿಗಳು, ಪ್ರಯಾಣಿಕರ ಒಸಡು ಬಾತು ಮೈ ಊದಿಕೊಳ್ಳುವ ರೋಗ ಎಲ್ಲವೂ ಅದರಲ್ಲಿವೆ. ರಿಚರ್ಡ್ ಹಾಕ್ಲೂಟ್ ಎಂಬ ವಿದ್ವಾಂಸ ಆ ಪತ್ರವನ್ನು ತನ್ನ ಪ್ರಸಿದ್ಧ ಪ್ರಯಾಣಸಂಗ್ರಹದಲ್ಲಿ ಮುದ್ರಿಸಿದ. ಇಂಗ್ಲಿಷಿನಲ್ಲಿ ಸ್ಟೀಫನ್ಸರಿಗೆ ದೊರೆತ ಕೀರ್ತಿ ಇಷ್ಟೇ: ಭಾರತದಲ್ಲಿ ನೆಲೆಸಿದನೆಂದು ನಿಶ್ಚಿತವಾಗಿ ತಿಳಿದಿರುವ ಮೊದಲ ಆಂಗ್ಲನೆಂಬುದು ಮತ್ತು ಆ ಒಂದು ಪತ್ರ.

ಗೋವೆಯಲ್ಲಿ ಯಾಜಕದೀಕ್ಷೆ ಪಡೆದು ಅವರು ಸಾಷ್ಟಿಗೆ ಬಂದರು. ನಂತರದ ಸುಮಾರು 40 ವರ್ಷಗಳ ಬದುಕೆಲ್ಲ ರಾಯತೂರು, ಮಡಗಾಂವಿಯ ಸುತ್ತಮುತ್ತಲೇ ಕಳೆಯಿತು. ಸಾಷ್ಟಿ ಪ್ರಾಂತ 1543ರವರೆಗೆ ಬಿಜಾಪುರದ ಆದಿಲಶಾಹಿಗೆ ಸೇರಿದ್ದು; ನಮ್ಮ ಬಾಗಲಕೋಟೆ, ಬಾದಾಮಿಯ ಸೀಮೆಯೂ ಸ್ಟೀಫನ್ಸರ ಕಾಲದಲ್ಲಿ ಅದೇ ಸುಲ್ತಾನರ ಆಳ್ವಿಕೆಗೆ ಒಳಪಟ್ಟಿತ್ತು. ಸಾಷ್ಟಿಯ ಜನರ ಮನಸ್ಸು ಆಗ ಗಾಯಗೊಂಡಿತ್ತು. 1567ರಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಅಲ್ಲಿನ ಅನೇಕ ದೇವಾಲಯಗಳನ್ನು ಕೆಡವಿದ್ದರು. 1583ರ ಜುಲೈ 25ರಂದು ಕುಂಕಳ್ಳಿ ಗ್ರಾಮದಲ್ಲಿ ರುಡಾಲ್ಫ್ ಅಕ್ವಾವೀವಾ ಮೊದಲಾದ ಐವರು ಯೇಸುಸಭೆಯವರು, ಅವರ ಜೊತೆಗಿದ್ದ ವಿಶ್ವಾಸಿಗಳೊಡನೆ ಹತರಾದರು. ಅಕ್ವಾವೀವಾ ಅಕ್ಬರನ ಆಸ್ಥಾನದಲ್ಲಿದ್ದು ಆಗತಾನೆ ಹಿಂದಿರುಗಿದ್ದರು. ಅವರ ಪಾರ್ಥಿವ ಶರೀರಗಳನ್ನು ತರಿಸಿ ಅಂತ್ಯಸಂಸ್ಕಾರ ನಡೆಯುವಂತೆ ನೋಡಿಕೊಂಡವರು ಸ್ಟೀಫನ್ಸ್. ಈ ಐವರನ್ನು ಧರ್ಮಸಭೆ 1893ರಲ್ಲಿ ಪುನೀತರೆಂದು ಸಾರಿದೆ. ಪೋರ್ಚುಗೀಸರು ಪ್ರತೀಕಾರವಾಗಿ ಕುಂಕಳ್ಳಿಯ ಮುಖಂಡರನ್ನು ಮಾತುಕತೆಗೆಂದು ಕರೆಸಿ ಕೊಂದರೆಂಬುದನ್ನೂ ಮರೆಮಾಚದೆ ಹೇಳಬೇಕು. ಎರಡು ಕಡೆಯ ರಕ್ತವೂ ಬಿದ್ದ ಆ ನೆಲದಲ್ಲಿ ಸ್ಟೀಫನ್ಸ್ ಮನೆಮನೆಗೆ ನಡೆದು ಜನರ ಭಾಷೆ ಕಲಿತರು.

ಅದೇ ವರ್ಷದ ಕೊನೆಯಲ್ಲಿ ರಾಲ್ಫ್ ಫಿಚ್, ಜಾನ್ ನ್ಯೂಬೆರಿ ಮತ್ತು ಸಂಗಡಿಗರಾದ ನಾಲ್ವರು ಇಂಗ್ಲಿಷರು ಗೂಢಚಾರರೆಂಬ ಶಂಕೆಯಿಂದ ಗೋವೆಯ ಸೆರೆಮನೆಗೆ ಬಿದ್ದರು. ಅವರ ರಾಣಿಯ ಆಳ್ವಿಕೆಯಲ್ಲೇ ತಮ್ಮ ಮಿತ್ರ ಪೌಂಡ್ ಸೆರೆಯಲ್ಲಿ ಕೊಳೆಯುತ್ತಿದ್ದರೂ ಸ್ಟೀಫನ್ಸ್ ಈ ದೇಶಬಾಂಧವರ ಪರವಾಗಿ ಓಡಾಡಿ, ಜಾಮೀನಿನ ಮೇಲೆ ಬಿಡುಗಡೆಯಾಗಲು ನೆರವಾದರು. ಫಿಚ್ ಮತ್ತು ನ್ಯೂಬೆರಿ 1584ರಲ್ಲಿ ಗೋವೆಯಿಂದ ತಲೆತಪ್ಪಿಸಿಕೊಂಡು ಬೆಳಗಾವಿಯ ಮೇಲೆ ಬಿಜಾಪುರಕ್ಕೆ ಬಂದರು. ಫಿಚ್ ಮುಂದೆ ಇಂಗ್ಲೆಂಡಿಗೆ ಒಯ್ದ ವರ್ತಮಾನಗಳು 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದವರಿಗೆ ಉಪಯೋಗಕ್ಕೆ ಬಂದವು. ಸ್ಟೀಫನ್ಸರ ಈ ಉಪಕಾರ ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ!

1583ರಲ್ಲಿ ತಮ್ಮ ಸಹೋದರನಿಗೆ ಬರೆದ ಇನ್ನೊಂದು ಪತ್ರದಲ್ಲಿ, ಇಲ್ಲಿಯ ಭಾಷೆಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಹೋಲುತ್ತದೆಂದು ಸ್ಟೀಫನ್ಸ್ ಗುರುತಿಸಿದ್ದಾರೆ. ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಅದೇ ಮಾತನ್ನು ವಿದ್ವತ್ಸಭೆಯ ಮುಂದಿಟ್ಟದ್ದು 1786ರಲ್ಲಿ.

ಇನ್ನು ಅವರ ಮಹಾಕಾವ್ಯದ ಮಾತು. ದೀಕ್ಷಾಸ್ನಾನ ಪಡೆದ ಸಾಷ್ಟಿಯ ಜನ ಜ್ಞಾನೋಪದೇಶವನ್ನು ಕೇಳುತ್ತಿದ್ದರು, ಪ್ರಾರ್ಥನೆಗಳನ್ನು ಕಲಿಯುತ್ತಿದ್ದರು. ಆದರೆ ಅವರ ಹಳೆಯ ಪುರಾಣಗಳನ್ನು ಓದಕೂಡದೆಂದು ಅಧಿಕಾರಿಗಳು ಕಟ್ಟಪ್ಪಣೆ ಮಾಡಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕುಳಿತು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಹಳೆಯದನ್ನು ಕಿತ್ತುಕೊಂಡಿರಿ, ಅದರ ಬದಲಿಗೆ ನಮಗೆ ಏನು ಕೊಡುತ್ತೀರಿ ಎಂಬ ಅರ್ಥದ ಪ್ರಶ್ನೆಯನ್ನು ಶ್ರೋತೃವೊಬ್ಬ ಗುರುವಿನ ಮುಂದಿಡುವ ಸನ್ನಿವೇಶದಿಂದಲೇ ಕಾವ್ಯಕ್ಕೆ ಕಾರಣ ಒದಗುತ್ತದೆ. ಎಂಟನೆಯ ಹೆನ್ರಿಯ ನಾಡಿನಿಂದ ಬಂದವರಿಗೆ ಆ ಪ್ರಶ್ನೆಯ ನೋವು ಅರ್ಥವಾಗದೆ ಇದ್ದೀತೆ? ಅವರ ಊರಿನ ಜನರ ಜಪಮಾಲೆ, ಯಾತ್ರೆ, ಬೀದಿಯಾಟಗಳನ್ನೂ ಅರಸರ ಅಪ್ಪಣೆಯೇ ಕಸಿದುಕೊಂಡಿತ್ತು.

ಕ್ರಿಸ್ತಪುರಾಣ 1616ರಲ್ಲಿ ರಾಯತೂರಿನ ಮುದ್ರಣಾಲಯದಿಂದ ಹೊರಬಂದಿತು. ಶೇಕ್ಸ್‌ಪಿಯರ್ ತೀರಿಕೊಂಡದ್ದೂ ಅದೇ ವರ್ಷ. ಮಿಲ್ಟನ್ ಆಗ ಎಂಟು ತುಂಬದ ಬಾಲಕ. ಆದಾಮ ಹವ್ವರ ಪತನವನ್ನು ಕುರಿತ ಅವನ ಮಹಾಕಾವ್ಯ ಪ್ರಕಟವಾದದ್ದು 1667ರಲ್ಲಿ. ಪುರಾಣದ ಮೊದಲ ಭಾಗ ಹಳೆಯ ಒಡಂಬಡಿಕೆಯ ಕಥೆ, ಎರಡನೆಯದು ಪ್ರಭು ಕ್ರಿಸ್ತರ ಚರಿತ್ರೆ. ಛಂದಸ್ಸು ಜ್ಞಾನೇಶ್ವರರೂ ಏಕನಾಥರೂ ಬಳಸಿದ ಓವಿ. ವಿದ್ವಾಂಸರ ಮರಾಠಿಯನ್ನೇ ಆರಿಸಿಕೊಂಡರೂ, ಸಾಮಾನ್ಯರಿಗೆ ಕಷ್ಟವಾಗದಿರಲೆಂದು ಕೊಂಕಣಿಯ ಮಾತುಗಳನ್ನು ಬೆರೆಸಿದರು. ಸ್ವರ್ಗಕ್ಕೆ ಅವರು ವೈಕುಂಠವೆಂದೇ ಹೆಸರಿಟ್ಟರು. ಕಾವ್ಯದ ಆರಂಭದಲ್ಲಿ ಮರಾಠಿ ಭಾಷೆಯನ್ನು ರತ್ನಕ್ಕೆ, ಹೂವಿಗೆ, ಪರಿಮಳಕ್ಕೆ ಹೋಲಿಸಿ ಕೊಂಡಾಡಿದ್ದಾರೆ. ಮರಾಠಿಯ ಮಕ್ಕಳು ಇಂದಿಗೂ ಆ ಸ್ತುತಿಯನ್ನು ಅಭಿಮಾನದಿಂದ ನೆನೆಯುತ್ತಾರೆ. ದೇವನಾಗರಿ ಅಚ್ಚಿನ ಮೊಳೆಗಳು ಗೋವೆಯಲ್ಲಿ ಇಲ್ಲದ ಕಾರಣ ಪುಸ್ತಕ ರೋಮನ್ ಲಿಪಿಯಲ್ಲಿ ಅಚ್ಚಾಯಿತು.

1619ರಲ್ಲಿ, ಸುಮಾರು 70ರ ವಯಸ್ಸಿನಲ್ಲಿ, ಸ್ಟೀಫನ್ಸ್ ಗೋವೆಯಲ್ಲೇ ಪ್ರಭುವಿನಲ್ಲಿ ನಿದ್ರೆಹೋದರು. ಹುಟ್ಟೂರನ್ನು ಮತ್ತೆ ಕಾಣಲಿಲ್ಲ. ಅವರು ರಚಿಸಿದ ಕೊಂಕಣಿ ಜ್ಞಾನೋಪದೇಶ 1622ರಲ್ಲಿಯೂ, ಕೊಂಕಣಿ ವ್ಯಾಕರಣ 1640ರಲ್ಲಿಯೂ ಮುದ್ರಣ ಕಂಡವು. ಪೋರ್ಚುಗೀಸರು ಕೊಂಕಣಿಯನ್ನು ಕಾನರಿಂ ಎಂದು ಕರೆಯುತ್ತಿದ್ದುದರಿಂದ ವ್ಯಾಕರಣದ ಶಿರೋನಾಮೆಯಲ್ಲಿಯೂ ಆ ಹೆಸರೇ ಇದೆ. ಇದನ್ನು ಕನ್ನಡದ ವ್ಯಾಕರಣವೆಂದು ಭ್ರಮಿಸಿದವರೂ ಉಂಟು.

ಇಂಗ್ಲೆಂಡಿನಲ್ಲಿ ಕಥೋಲಿಕ ಲೇಖಕರ ಸ್ಥಿತಿ ಬಹುಕಾಲ ಸುಧಾರಿಸಲಿಲ್ಲ. ಕವಿ ಡ್ರೈಡನ್ ಕಥೋಲಿಕನಾಗಿ ಉಳಿದದ್ದಕ್ಕೆ 1688ರ ಕ್ರಾಂತಿಯ ನಂತರ ಆಸ್ಥಾನಕವಿಯ ಪದವಿ ಕಳೆದುಕೊಂಡ. ಅಲೆಗ್ಸಾಂಡರ್ ಪೋಪ್ ಕಥೋಲಿಕ ಮನೆಯಲ್ಲಿ ಹುಟ್ಟಿದ ಕಾರಣಕ್ಕೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ 1798ರಲ್ಲಿ ಜನಸಾಮಾನ್ಯರ ನುಡಿಗೆ ಕಾವ್ಯದಲ್ಲಿ ಸ್ಥಾನ ಕೊಡಲು ಹೊರಟಾಗಲೂ ಆ ಕಾನೂನುಗಳು ಪೂರ್ಣ ತೊಲಗಿರಲಿಲ್ಲ. ಕಥೋಲಿಕರು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ಪಡೆದದ್ದು 1829ರಲ್ಲಿ.

ಇತ್ತ ಪುರಾಣ 1649 ಮತ್ತು 1654ರಲ್ಲಿ ಮರುಮುದ್ರಣಗೊಂಡಿತು. ಆದರೆ 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಜನರು ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತನಾಡಬೇಕೆಂದು ಆಜ್ಞೆ ಹೊರಡಿಸಿದ. ಯಾವ ಭಾಷೆಗಾಗಿ ಸ್ಟೀಫನ್ಸ್ ಆಯುಷ್ಯ ಸವೆಸಿದ್ದರೋ ಅದಕ್ಕೇ ಈ ಗತಿ ಬಂತು. ಅಚ್ಚಿನ ಆ ಮೂರು ಆವೃತ್ತಿಗಳ ಒಂದು ಪ್ರತಿಯೂ ಇಂದು ದೊರಕುವುದಿಲ್ಲ. ಪುರಾಣವನ್ನು ಉಳಿಸಿದವರು ಮನೆಗಳಲ್ಲಿ ಕೈಬರಹದಿಂದ ನಕಲು ಮಾಡಿಕೊಂಡ ವಿಶ್ವಾಸಿಗಳು. ಕ್ಷಾಮ, ಯುದ್ಧ, ಧರ್ಮವಿಚಾರಣೆಗಳ ಕಾಟದಿಂದ ಗೋವೆ ಬಿಟ್ಟು ಕೆನರಾಕ್ಕೆ ಇಳಿದು ಬಂದ ಕುಟುಂಬಗಳು ಅದನ್ನೂ ಜೊತೆಗೆ ತಂದವು. ಮಂಗಳೂರು ಸೀಮೆಯ ಮನೆಗಳಲ್ಲಿ ತಪಸ್ಸುಕಾಲದ ಸಂಜೆಗಳಲ್ಲಿ ಪ್ರಭುವಿನ ಪಾಡಿನ ಭಾಗವನ್ನು ರಾಗವಾಗಿ ಓದುವ ವಾಡಿಕೆ ಇತ್ತು. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆಯ ವರ್ಷಗಳಲ್ಲಿ, ಗುರುಗಳಿಲ್ಲದ, ಬಲಿಪೂಜೆಯಿಲ್ಲದ ಜನರ ವಿಶ್ವಾಸವನ್ನು ಈ ಓವಿಗಳು ಕಾಪಾಡಿದವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಇಂಥ ಹಸ್ತಪ್ರತಿಗಳನ್ನೇ ಕೂಡಿಸಿ, ತಾಳೆ ನೋಡಿ, ಜೋಸೆಫ್ ಸಲ್ಡಾನ್ಹರು 1907ರಲ್ಲಿ ಮಂಗಳೂರಿನಿಂದ ಕ್ರಿಸ್ತಪುರಾಣವನ್ನು ಮತ್ತೆ ಅಚ್ಚು ಹಾಕಿಸಿದರು. 250ಕ್ಕೂ ಹೆಚ್ಚು ವರ್ಷಗಳ ನಂತರ ಪುರಾಣ ಪುಸ್ತಕರೂಪ ಪಡೆದದ್ದು ನಮ್ಮ ಕರ್ನಾಟಕದ ನೆಲದಲ್ಲಿ. ಗೋವೆಯ ಪರ್ವರಿಯಲ್ಲಿ ಯೇಸುಸಭೆಯವರು ಸ್ಟೀಫನ್ಸರ ಹೆಸರಿನಲ್ಲೇ ಕೊಂಕಣಿ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದ್ದಾರೆ. 1920ರ ದಶಕದಲ್ಲಿ ಇನ್ನೊಂದು ಹಸ್ತಪ್ರತಿ ವಿದ್ವಾಂಸರ ಕಣ್ಣಿಗೆ ಬಿತ್ತು. ಅದು ರೋಮನ್ ಲಿಪಿಯಲ್ಲಿರದೆ ದೇವನಾಗರಿಯಲ್ಲಿತ್ತು. ವಿಲಿಯಂ ಮಾರ್ಸ್‌ಡನ್ ಎಂಬ ಸಂಗ್ರಾಹಕನ ಪುಸ್ತಕಗಳ ನಡುವೆ ಅದು ಲಂಡನ್ ಸೇರಿತ್ತು.