ಜಿಗಿಯುವ ಇರುವೆಗೆ ಹೆಸರಿಟ್ಟ ವೈದ್ಯ

ಥಾಮಸ್ ಜೆರ್ಡನ್ (1811–1872) ಎಂದರೆ ಹಕ್ಕಿಗಳೇ ನೆನಪಾಗುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದರಾಸಿಗೆ ಬಂದ ಅವರು ಇರುವೆಗಳನ್ನೂ ಬಿಡಲಿಲ್ಲ. 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಪ್ರಕಟಿಸಿದರು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಇರುವ ಹಾರ್ಪೆಗ್ನಾಥಸ್ ಸಾಲ್ಟೇಟರ್‌ಗೆ ಹೆಸರು ಬಂದದ್ದು ಅದರಲ್ಲೇ. ಜಾತಿಯ ಹೆಸರಿನಲ್ಲಿ ಕುಡುಗೋಲಿನಂಥ ದವಡೆಯಿದೆ, ಪ್ರಭೇದದ ಹೆಸರಿನಲ್ಲಿ ನೆಗೆತವಿದೆ. ದವಡೆ, ದೊಡ್ಡ ಕಣ್ಣು ಸತ್ತ ಮಾದರಿಯಲ್ಲೂ ಕಾಣುತ್ತವೆ. ನೆಗೆತ ಕಾಣಲು ಇರುವೆ ಬದುಕಿರಬೇಕು. ವರ್ಗೀಕರಣದ ಪಾಠದಲ್ಲಿ ನಾವು ಲಕ್ಷಣಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುತ್ತೇವೆ. ಮಕ್ಕಳನ್ನು ಇರುವೆಯ ಹತ್ತಿರ ಕೂರಿಸುವುದು ಅಪರೂಪ. ಜೆರ್ಡನ್ ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಗೂಡುಗಳನ್ನು ಕಾದು ನೋಡಿದವರಿಗೆ ಇನ್ನೊಂದು ಗುಣ ತಿಳಿಯಿತು: ರಾಣಿ ಸತ್ತರೆ ಕೆಲಸಗಾರ ಇರುವೆಗಳು ಕುಡಿಮೀಸೆಗಳಿಂದ ಸೆಣಸುತ್ತವೆ, ಗೆದ್ದವು ಮೊಟ್ಟೆಯಿಡುತ್ತವೆ.