ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚನ್ನಪ್ಪ

ನಮ್ಮ ಮಳಖೇಡವು ಮಾನ್ಯಖೇಟವಾಗಿದ್ದ ಕಾಲದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ಸೀಮೆಯಲ್ಲಿದೆಯೆಂದು ಊರುಗಳನ್ನು ಹೆಸರಿಸಿ ಹೇಳಿತು. ಅದಾಗಿ ಸಾವಿರ ವರ್ಷಗಳ ಮೇಲೆ ಒಬ್ಬ ಕ್ರೈಸ್ತ ಪಾದ್ರಿಗಳು ತಮ್ಮನ್ನು ಆ ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡರು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕೊಡಲು ಬಂದವರೆಂದು ಜನ ತಿಳಿದಿದ್ದ ಪಾದ್ರಿಗಳು ಬೇಡುವ ತಿರುಕರಾದದ್ದೇಕೆ?

ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದ ಒಂದು ಕ್ರೈಸ್ತ ಮನೆತನದಲ್ಲಿ ಜನಿಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತ್ತು. ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ, ಕೊನೆಗೆ 1894ರ ಕಿಟೆಲ್ ನಿಘಂಟು, ಇವೆಲ್ಲ ಆ ಮಿಶನ್ನಿನ ಕೊಡುಗೆ. ಈ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನ. ಆದರೂ ಸಭೆಯ ಆಡಳಿತದ ಚುಕ್ಕಾಣಿ ಪರದೇಶದವರ ಕೈಯಲ್ಲೇ ಇತ್ತು. ಚನ್ನಪ್ಪನವರು ಮಂಗಳೂರಿನಲ್ಲಿ ಮಿಶನ್ನಿನ ದೇವಜ್ಞಾನ ಶಾಲೆಯಲ್ಲಿ ಓದಿ ಸಭಾಪಾಲಕರಾಗಿ ಧಾರವಾಡ, ಹುಬ್ಬಳ್ಳಿಗಳ ಸೀಮೆಗೆ ಮರಳಿದರು. 1914ರಲ್ಲಿ ಮಹಾಯುದ್ಧ ಹತ್ತಿತು. ಜರ್ಮನ್ ಮಿಶನರಿಗಳನ್ನು ಸರಕಾರ ಸೆರೆಯಲ್ಲಿಟ್ಟು ಕಡೆಗೆ ದೇಶಬಿಡಿಸಿತು. ನೆಟ್ಟವರು ಹೋದ ಮೇಲೆ ಗಿಡ ಬದುಕಬೇಕಾದರೆ ಅದರ ಬೇರು ಇಲ್ಲಿಯ ನೆಲದಲ್ಲೇ ಇಳಿದಿರಬೇಕಲ್ಲವೆ?

ಆ ಬೇರನ್ನು ಚನ್ನಪ್ಪನವರು ಹುಡುಕಿದ್ದು ಸರ್ವಜ್ಞನಲ್ಲಿ. ಹಳ್ಳಿಹಳ್ಳಿ ತಿರುಗುವ ಬೋಧಕರಿಗೆ ಜನರ ಬಾಯಲ್ಲಿ ಎದುರಾದುದು ಅವನ ತ್ರಿಪದಿ. ಅಂದಿಗೆ ಆ ತ್ರಿಪದಿಗಳು ಚೆದರಿಹೋಗಿದ್ದವು. ಒಬ್ಬನ ಬಾಯಲ್ಲಿ ಒಂದು ಪಾಠ, ಮತ್ತೊಬ್ಬನ ಪ್ರತಿಯಲ್ಲಿ ಇನ್ನೊಂದು. ಅವರು ಓಲೆಗರಿ, ಕೈಬರಹದ ಪ್ರತಿಗಳನ್ನು ಬೇಡಿ ತಂದರು, ಬಲ್ಲವರಿಂದ ಕೇಳಿ ಬರೆದುಕೊಂಡರು, ವಿಷಯಕ್ಕೆ ತಕ್ಕಂತೆ ವಿಂಗಡಿಸಿದರು. ಅನೇಕ ವರ್ಷಗಳ ಈ ದುಡಿಮೆಯ ಫಲವಾಗಿ 1924ರಲ್ಲಿ ಸುಮಾರು 2000 ತ್ರಿಪದಿಗಳ ಸಂಗ್ರಹ ಬೆಳಕು ಕಂಡಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಸರ್ವಜ್ಞನನ್ನು ನಾನು ಮೊದಲು ಕೇಳಿದ್ದು ಅಕ್ಷರ ತಿಳಿಯದ ನಮ್ಮವ್ವನಿಂದ. ಅಂಥ ಅವ್ವಂದಿರ ಬಾಯಮಾತಿಗೆ ಪುಸ್ತಕದ ಮರ್ಯಾದೆ ಕೊಟ್ಟವರು ಒಬ್ಬ ಪಾದ್ರಿಗಳೆಂಬುದು ನನಗೆ ಬಹಳ ದೊಡ್ಡ ಸಂಗತಿ.

ಮರಾಠಿಯ ಕ್ರೈಸ್ತಕವಿ ನಾರಾಯಣ ವಾಮನ ಟಿಳಕರ ಚರಿತ್ರೆಯನ್ನೂ ಚನ್ನಪ್ಪನವರು ಕನ್ನಡದಲ್ಲಿ ಬರೆದರು. ಟಿಳಕರು ಏಸುವಿನ ಭಕ್ತಿಯನ್ನು ತುಕಾರಾಮನ ಅಭಂಗದ ಧಾಟಿಯಲ್ಲಿ ಹಾಡಿದವರು. ಅವರ ಮೇಲೆ ಇವರ ಕಣ್ಣು ಬಿದ್ದುದು ಸಹಜವೇ. ಇವರ ಇನ್ನೊಂದು ಗ್ರಂಥದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ವಿನಂತಿ ಎಂಬ ಮಾತನ್ನು ಗಮನಿಸಬೇಕು, ಅದು ಅಪ್ಪಣೆಯಲ್ಲ. ಆ ವಿನಂತಿಯನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಕ್ರೈಸ್ತನಲ್ಲದ ನಾನೂ ಪೂರ್ತಿ ಒಪ್ಪಲಾರೆ. ಆದರೆ ಕೇಳುವ ರೀತಿಯಲ್ಲಿ ಕೇಳಿದವರಿಗೆ ಬಾಗಿಲು ಮುಚ್ಚುವುದು ಕಷ್ಟ. ವಚನಗಳನ್ನು ಮೆಚ್ಚಿದ ಮಾತ್ರಕ್ಕೆ ಅವರು ಒಳಗೊಳಗೇ ವೀರಶೈವರಾಗಿದ್ದರೆಂದು ಯಾರಾದರೂ ಊಹಿಸಿದರೆ ಅದು ತಪ್ಪು. ಅವರು ಕಡೆತನಕ ಕ್ರಿಸ್ತಭಕ್ತರೇ. ಏಸುವನ್ನು ಬಿಡದೆ ಬಸವಣ್ಣನ ಅಂಗಳದಲ್ಲಿ ಕುಳಿತರು. ಅದಕ್ಕೇ ಅವರ ಕ್ರೈಸ್ತತನ ಎರವಲಿನದಾಗಿ ಕಾಣುವುದಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. ಮರುವರ್ಷವೇ, 1949ರಲ್ಲಿ, ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆಯಿತು. ಉರ್ದು ರಾಜಭಾಷೆಯಾಗಿದ್ದ ಈ ನಾಡಿನಲ್ಲಿ ಕನ್ನಡಿಗರು ತಲೆಯೆತ್ತಿ ಸೇರಿದ ಆ ಹಬ್ಬಕ್ಕೆ ಅಧ್ಯಕ್ಷರಾಗಿ ಬಂದವರು ಇದೇ ಚನ್ನಪ್ಪನವರು. ಗಾಯ ಇನ್ನೂ ಹಸಿಯಾಗಿದ್ದ ನೆಲಕ್ಕೆ ಸರ್ವಜ್ಞನನ್ನು ಬಲ್ಲ ಪಾದ್ರಿಗಳಿಗಿಂತ ಒಪ್ಪುವ ಅಧ್ಯಕ್ಷರು ಬೇರೆ ಯಾರಿದ್ದರು?

ಅನುಭವ ಮಂಟಪವು ಕಟ್ಟುಕಥೆಯೆಂದು ಸಂಶಯಪಟ್ಟವರಿಗೆ ಉತ್ತರವಾಗಿ 1951ರಲ್ಲಿ ಅದರ ಐತಿಹಾಸಿಕತೆಯನ್ನು ಕುರಿತು ಬರೆದರು. ಎಪ್ಪತ್ತು ದಾಟಿದ ಮೇಲೂ ಲೇಖನಿ ಕೆಳಗಿಡಲಿಲ್ಲ. 1955ರಲ್ಲಿ ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿ ಕೊಟ್ಟರು. 1962ರ ಆಗಸ್ಟ್ 28ರಂದು, ಎಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು.